ಸಂಪಾದಕರ ಉತ್ತರ: ದೇಶವೇ ಇಲ್ಲವಾದ ಮೇಲೆ ಕಪ್ ಯಾರದ್ದು?

ಓದುಗರೊಬ್ಬರು ಬರೆದಿರುವ ಪತ್ರದ ಸಾರ ಇದು: "ನಮ್ಮ ಭಾರತ ಫುಟ್ಬಾಲ್ ತಂಡಕ್ಕೆ ಕೋಚ್ ಆಗಿದ್ದ ಇಗೊರ್ ಸ್ಟಿಮ್ಯಾಚ್ ಹುಡುಗರಾಗಿದ್ದಾಗ, 1987ರಲ್ಲಿ, ಕಿರಿಯರ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು ಎಂದು ಓದಿದೆ. ಗೆದ್ದದ್ದು ಯುಗೊಸ್ಲಾವಿಯಾ. ಸ್ಟಿಮ್ಯಾಚ್ ಕ್ರೊಯೇಷಿಯಾದವರು. ಆದರೆ ಪಟ್ಟಿಗಳಲ್ಲಿ ಆ ಕಪ್ಪನ್ನು ಸರ್ಬಿಯಾದ ಲೆಕ್ಕಕ್ಕೆ ಸೇರಿಸಿರುತ್ತಾರೆ. ಇದು ಯಾವ ನ್ಯಾಯ? ಆ ತಂಡ ಏನಾಯಿತು? ದೇಶ ಒಡೆಯದೇ ಇದ್ದಿದ್ದರೆ ಅವರು ದೊಡ್ಡವರ ವಿಶ್ವಕಪ್ಪನ್ನೂ ಗೆಲ್ಲುತ್ತಿದ್ದರು, ಅಲ್ವಾ?"

ನಮಸ್ಕಾರ. ಇದಕ್ಕೆ ನಾಲ್ಕು ಸಾಲಿನ ಉತ್ತರ ಬರೆದು ಮುಗಿಸಲು ಮನಸ್ಸು ಬರಲಿಲ್ಲ. ನಾನು ತುಂಬಾ ಇಷ್ಟಪಡುವ ತಂಡ ಅದು. ಆ ಹುಡುಗರ ಕತೆ ಗೊತ್ತಾದರೆ ಕಪ್ ಯಾರದ್ದು ಅನ್ನುವುದು ತಾನಾಗಿಯೇ ತಿಳಿಯುತ್ತದೆ. ಹಾಗಾಗಿ ಮೊದಲು ಕತೆ. ಯುಗೊಸ್ಲಾವಿಯಾ ಅಂದರೆ ಕ್ರೊಯೇಷಿಯಾ, ಸರ್ಬಿಯಾ, ಸ್ಲೊವೇನಿಯಾ, ಬೊಸ್ನಿಯಾ, ಮೊಂಟೆನೆಗ್ರೊ ಮೊದಲಾದವು ಸೇರಿ ಆಗಿದ್ದ ದೇಶ. 1991ರಿಂದ ಅದು ಒಡೆಯುತ್ತಾ ಹೋಯಿತು.

20 ವರ್ಷದೊಳಗಿನವರ ವಿಶ್ವಕಪ್ಪಿಗೆ ಯುಗೊಸ್ಲಾವಿಯಾ ಹೋಗಿದ್ದು ಎರಡೇ ಸಲ. 1979ರಲ್ಲಿ ಜಪಾನಿಗೆ ಹೋದಾಗ ಮರಡೋನಾ ಇದ್ದ ಅರ್ಜೆಂಟೀನಾದ ಗುಂಪಿನಲ್ಲೇ ಬಿದ್ದು, ಮೊದಲ ಸುತ್ತಿನಲ್ಲೇ ವಾಪಸು ಬಂತು. ಎರಡನೇ ಸಲ ಹೋಗಿದ್ದು ಚಿಲಿಗೆ, 1987ರ ಅಕ್ಟೋಬರಿನಲ್ಲಿ. ಅದೇ ಕೊನೆ. ಆಮೇಲೆ ಆ ಹೆಸರಿನ ತಂಡ ಈ ಟೂರ್ನಿಯಲ್ಲಿ ಕಾಣಲೇ ಇಲ್ಲ.

ಹೋಗುವಾಗ ಯಾರಿಗೂ ಜಾಸ್ತಿ ಆಸೆ ಇರಲಿಲ್ಲ. ಹಿಂದಿನ ವರ್ಷ ಯುರೋಪಿನ ಕಿರಿಯರ ಟೂರ್ನಿ ಯುಗೊಸ್ಲಾವಿಯಾದ ನೆಲದಲ್ಲೇ ನಡೆದಿತ್ತು. ಅದನ್ನು ಗೆದ್ದದ್ದು ಪೂರ್ವ ಜರ್ಮನಿ. ಕೋಚ್ ಮಿರ್ಕೊ ಯೊಜಿಚ್ ಅವರ ಕೈಗೆ ಆ ವಯಸ್ಸಿನ ಒಳ್ಳೆಯ ಆಟಗಾರರೆಲ್ಲ ಸಿಗಲೂ ಇಲ್ಲ. ಅಲೆನ್ ಬೊಕ್ಸಿಚ್, ವ್ಲಾದಿಮಿರ್ ಯುಗೊವಿಚ್, ಸಿನಿಶಾ ಮಿಹಾಯ್ಲೊವಿಚ್ ಮೂವರೂ ಆ ತಂಡದಲ್ಲಿ ಇರಲಿಲ್ಲ. ಮುಂದೆ ಇಟಲಿಯ ಮೈದಾನಗಳಲ್ಲಿ ದೊಡ್ಡ ಹೆಸರು ಮಾಡಿದವರು ಇವರು. ಇವರನ್ನು ಬಿಟ್ಟೂ ತಂಡ ಹೇಗಿತ್ತು ನೋಡಿ. ಕ್ರೊಯೇಷಿಯಾದ ಝಾಗ್ರೆಬ್‌ನ ಡಿನಾಮೊ ಕ್ಲಬ್ಬಿನಿಂದ ಜ್ವೊನಿಮಿರ್ ಬೊಬಾನ್. ಒಸಿಯೆಕ್‌ನಿಂದ ದಾವೊರ್ ಶುಕರ್. ಇಂದಿನ ಪೊಡ್ಗೊರಿಕಾ ಆಗಿರುವ ಟಿಟೊಗ್ರಾಡ್‌ನಿಂದ ಪ್ರೆಡ್ರಾಗ್ ಮಿಯಾತೊವಿಚ್ ಮತ್ತು ಬ್ರಾಂಕೊ ಬ್ರ್ನೊವಿಚ್. ಎಡಬದಿಯಲ್ಲಿ ರಾಬರ್ಟ್ ಯಾರ್ನಿ. ಹಿಂದೆ ರಕ್ಷಣೆಗೆ ಸ್ಟಿಮ್ಯಾಚ್.

ಮತ್ತೆ ರಾಬರ್ಟ್ ಪ್ರೊಸಿನೆಚ್ಕಿ. ಹುಟ್ಟಿದ್ದು ಪಶ್ಚಿಮ ಜರ್ಮನಿಯಲ್ಲಿ. ಅಪ್ಪ ಕ್ರೊಯೇಷಿಯಾದವರು, ಅಮ್ಮ ಸರ್ಬಿಯಾದವರು. ಡಿನಾಮೊದಲ್ಲಿ ಆಡುತ್ತಿದ್ದಾಗ ಅಲ್ಲಿನ ಕೋಚ್ ಮಿರೊಸ್ಲಾವ್ ಬ್ಲಾಝೆವಿಚ್ ಈ ಹುಡುಗನಿಗೆ ಒಪ್ಪಂದ ಕೊಡಲು ಒಪ್ಪಲಿಲ್ಲ. ಇವನು ಫುಟ್ಬಾಲ್ ಆಟಗಾರನಾದರೆ ನನ್ನ ಕೋಚಿಂಗ್ ಡಿಪ್ಲೊಮಾವನ್ನೇ ತಿಂದುಬಿಡ್ತೀನಿ ಎಂದು ಹೇಳಿದರಂತೆ. ಆ ನಾಡಿನ ಫುಟ್ಬಾಲ್ ಪ್ರಿಯರೆಲ್ಲ ಇಂದಿಗೂ ನೆನೆಯುವ ಮಾತು ಅದು. ಅಪ್ಪ ಮಗನನ್ನು ಕರೆದುಕೊಂಡು ಸರ್ಬಿಯಾದ ಬೆಲ್‌ಗ್ರೇಡಿಗೆ ಹೋದರು. ರೆಡ್ ಸ್ಟಾರ್ ಕ್ಲಬ್ ಕೂಡಲೇ ಸೇರಿಸಿಕೊಂಡಿತು. ಇದೆಲ್ಲ ಆಗಿದ್ದು 1987ರಲ್ಲೇ. ಚಿಲಿ ಟೂರ್ನಿ ಮುಗಿದಾಗ ಅತ್ಯುತ್ತಮ ಆಟಗಾರನಿಗೆ ಕೊಡುವ ಚಿನ್ನದ ಚೆಂಡು ಅದೇ ಹುಡುಗನ ಕೈಯಲ್ಲಿತ್ತು.

ಮೊದಲ ಪಂದ್ಯವೇ ಆತಿಥೇಯ ಚಿಲಿ ಎದುರು. 4–2. ಆಮೇಲೆ ಆಸ್ಟ್ರೇಲಿಯಾ, 4–0. ಟೋಗೊ, 4–1. ಮೂರು ಪಂದ್ಯದಲ್ಲಿ ಹನ್ನೆರಡು ಗೋಲು! ಆಗ ಮನೆ ಕಡೆಯವರಿಗೂ ಎಚ್ಚರವಾಯಿತು. ಟೂರ್ನಿಯ ನಡುವೆಯೇ ರೆಡ್ ಸ್ಟಾರ್ ಕ್ಲಬ್ ಪ್ರೊಸಿನೆಚ್ಕಿಯನ್ನು ವಾಪಸು ಕರೆಯಿತು. ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಯುಇಎಫ್‌ಎ ಕಪ್ಪಿನಲ್ಲಿ ಬೆಲ್ಜಿಯಂನ ಕ್ಲಬ್ ಬ್ರುಗ್ಗ ಎದುರು ಪಂದ್ಯ ಇತ್ತು, ಅದಕ್ಕೆ ಬೇಕು ಅಂತ. ಉಳಿದ ಹುಡುಗರು ಸುಮ್ನೆ ಇರಲಿಲ್ಲ, ಪ್ರತಿಭಟಿಸಿದರು. ಕೊನೆಗೆ ಆಗಿನ ಫಿಫಾ ಅಧ್ಯಕ್ಷ ಜೊವಾ ಹವೆಲಾಂಜ್ ಅವರೇ ಮಧ್ಯೆ ಬಂದರು. ಪ್ರೊಸಿನೆಚ್ಕಿ ಚಿಲಿಯಲ್ಲೇ ಉಳಿದರು. ಮುಂದೆ ಯಾವ ಊರಿನವನು ಯಾರ ಕಡೆ ಅನ್ನುವುದು ಜೀವನ್ಮರಣದ ಪ್ರಶ್ನೆಯಾದ ನಾಡು ಅದು. ಅಲ್ಲಿಂದ ಬಂದ ಹುಡುಗರು ಬೆಲ್‌ಗ್ರೇಡ್ ಕ್ಲಬ್ಬಿನ ಆಟಗಾರನೊಬ್ಬನಿಗಾಗಿ ಒಟ್ಟಾಗಿ ನಿಂತರು. ನನಗೆ ಆ ಹನ್ನೆರಡು ಗೋಲಿಗಿಂತ ಇದೇ ದೊಡ್ಡದು.

ಕ್ವಾರ್ಟರ್ ಫೈನಲ್ ಬ್ರೆಜಿಲ್ ಜೊತೆ. ಬ್ರೆಜಿಲ್ ಮೊದಲು ಗೋಲು ಹೊಡೆಯಿತು. ಮಿಯಾತೊವಿಚ್ ಸಮ ಮಾಡಿದರು. ಇನ್ನೇನು ಪಂದ್ಯ ಮುಗಿಯಬೇಕು ಅನ್ನುವಾಗ ಫ್ರೀ ಕಿಕ್ ಸಿಕ್ಕಿತು. ಹೊಡೆದದ್ದು ಪ್ರೊಸಿನೆಚ್ಕಿ, 2–1. ಸೆಮಿಫೈನಲ್‌ನಲ್ಲಿ ಯುರೋಪಿನ ಚಾಂಪಿಯನ್ ಪೂರ್ವ ಜರ್ಮನಿ. ಅಲ್ಲಿ ಮೊದಲ ಗೋಲು ನಮ್ಮ ಸ್ಟಿಮ್ಯಾಚ್ ಅವರದ್ದು. ಪೂರ್ವ ಜರ್ಮನಿಯ ಮಥಿಯಾಸ್ ಸ್ಯಾಮರ್ ಸಮ ಮಾಡಿದರು. ಶುಕರ್ ಗೆಲುವಿನ ಗೋಲು ಹೊಡೆದರು. ಆ ಟೂರ್ನಿಯಲ್ಲಿ ಶುಕರ್ ಹೊಡೆದ ಗೋಲು ಒಟ್ಟು ಆರು.

ಅಕ್ಟೋಬರ್ 25ರ ಫೈನಲ್ ನಡೆದದ್ದು ಸಾಂಟಿಯಾಗೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ. ಆ ಜಾಗದ ಬಗ್ಗೆ ಒಂದು ಮಾತು ಹೇಳಲೇಬೇಕು. 1973ರಲ್ಲಿ ಚಿಲಿಯ ಸೇನಾ ಮುಖ್ಯಸ್ಥ ಪಿನೊಷೆ ದಂಗೆ ನಡೆಸಿ ಅಧಿಕಾರ ಹಿಡಿದಾಗ ಸಾವಿರಾರು ಜನರನ್ನು ಕೂಡಿಹಾಕಿ ಹಿಂಸೆ ಕೊಟ್ಟದ್ದು ಅದೇ ಕ್ರೀಡಾಂಗಣದಲ್ಲಿ. 1987ರಲ್ಲೂ ಪಿನೊಷೆಯದ್ದೇ ಆಳ್ವಿಕೆ. ಫಿಫಾ ಅಲ್ಲಿ ಮಕ್ಕಳ ಟೂರ್ನಿ ಮಾಡಿದ್ದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಆಡಿದ ಹುಡುಗರ ತಪ್ಪು ಏನೂ ಇಲ್ಲ.

ಎದುರಾಳಿ ಪಶ್ಚಿಮ ಜರ್ಮನಿ. ಪ್ರೊಸಿನೆಚ್ಕಿ, ಮಿಯಾತೊವಿಚ್ ಇಬ್ಬರೂ ನಿಷೇಧದಿಂದಾಗಿ ಹೊರಗೆ. ಅಂದರೆ ಬ್ರೆಜಿಲ್ ವಿರುದ್ಧ ಗೋಲು ಹೊಡೆದಿದ್ದ ಇಬ್ಬರೂ ಇಲ್ಲ. 85ನೇ ನಿಮಿಷದವರೆಗೆ ಗೋಲೇ ಬರಲಿಲ್ಲ. ಆಗ ಬೊಬಾನ್ ಹೊಡೆದರು. ಗೆದ್ದೇಬಿಟ್ಟೆವು ಅಂದುಕೊಳ್ಳುವಷ್ಟರಲ್ಲಿ, ಎರಡೇ ನಿಮಿಷದಲ್ಲಿ, ಜರ್ಮನಿಗೆ ಪೆನಾಲ್ಟಿ. ಮಾರ್ಸೆಲ್ ವಿಟೆಚೆಕ್ ಗೋಲು ಮಾಡಿದರು. ಆ ಟೂರ್ನಿಯಲ್ಲಿ ಎಲ್ಲರಿಗಿಂತ ಜಾಸ್ತಿ, ಏಳು ಗೋಲು ಹೊಡೆದವರು ಅವರು. ಹೆಚ್ಚುವರಿ ಸಮಯದಲ್ಲೂ ತೀರ್ಮಾನವಾಗದೆ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಅಲ್ಲಿ ತಪ್ಪಿದ್ದು ಅದೇ ವಿಟೆಚೆಕ್! ಕೊನೆಯ ಕಿಕ್ ಬೊಬಾನ್ ಅವರದ್ದು. ಚೆಂಡು ಒಳಗೆ ಹೋಯಿತು, 5–4. ಬೊಬಾನ್‌ಗೆ ಹತ್ತೊಂಬತ್ತು ತುಂಬಿ ಇನ್ನೂ ಮೂರು ವಾರ ಆಗಿರಲಿಲ್ಲ.

ನಮ್ಮ ಬೆಂಗಳೂರಿನವರಿಗೆ ಈ ಅಂಕಿ ಎಲ್ಲೋ ಕೇಳಿದಂತಿರಬಹುದು. 2023ರ ಜುಲೈ 4ರಂದು ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್ಬಾಲ್) ಟೂರ್ನಿಯ ಫೈನಲ್. ಭಾರತ, ಕುವೈತ್ 1–1. ಶೂಟೌಟ್‌ನಲ್ಲಿ ಭಾರತಕ್ಕೆ 5–4. ಸ್ಟಿಮ್ಯಾಚ್ ಅವತ್ತು ಕೆಂಪು ಕಾರ್ಡಿನ ಶಿಕ್ಷೆಯಲ್ಲಿದ್ದರು, ತಂಡದ ಬೆಂಚಿನಲ್ಲಿ ಕೂರುವಂತಿರಲಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ, ಆ ತಂಡ ಏನಾಯಿತು ಅನ್ನುವುದು.

1990ರ ಮೇ 13ರಂದು ಝಾಗ್ರೆಬ್‌ನಲ್ಲಿ ಡಿನಾಮೊ ಮತ್ತು ರೆಡ್ ಸ್ಟಾರ್ ಪಂದ್ಯ ಇತ್ತು. ಗಲಭೆ ಎದ್ದು ಆಟ ನಡೆಯಲೇ ಇಲ್ಲ. ಅಭಿಮಾನಿಯೊಬ್ಬನನ್ನು ಹೊಡೆಯುತ್ತಿದ್ದ ಪೊಲೀಸನಿಗೆ ಬೊಬಾನ್ ಹಾರಿ ಒದ್ದರು. ನಿಷೇಧ ಬಿತ್ತು, ಆ ವರ್ಷದ ವಿಶ್ವಕಪ್ ತಪ್ಪಿತು.

ಮರುವರ್ಷದ ಒಂದೇ ತಿಂಗಳಲ್ಲಿ ನಡೆದದ್ದನ್ನು ನೋಡಿ. 1991ರ ಮೇ 29ರಂದು ರೆಡ್ ಸ್ಟಾರ್ ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್ಪಾದ ಯುರೋಪಿಯನ್ ಕಪ್ ಗೆದ್ದಿತು. ಶೂಟೌಟ್‌ನ ಮೊದಲ ಪೆನಾಲ್ಟಿ ಹೊಡೆದದ್ದು ಪ್ರೊಸಿನೆಚ್ಕಿ. ಜೂನ್ 5ರಂದು ಚಿಲಿಯ ಕೊಲೊ ಕೊಲೊ ಕ್ಲಬ್ ದಕ್ಷಿಣ ಅಮೆರಿಕದ ಲಿಬರ್ತದೋರಸ್ ಕಪ್ ಗೆದ್ದಿತು. ಅದರ ಕೋಚ್ ಯಾರು ಗೊತ್ತಾ? ಅದೇ ಮಿರ್ಕೊ ಯೊಜಿಚ್. ಹುಡುಗರನ್ನು ಗೆಲ್ಲಿಸಿದ ದೇಶಕ್ಕೇ ಅವರು ಮರಳಿ ಹೋಗಿದ್ದರು. ಆ ಕಪ್ ಗೆದ್ದ ಚಿಲಿಯ ಕ್ಲಬ್ ಇವತ್ತಿಗೂ ಅದೊಂದೇ. ಜೂನ್ 25ಕ್ಕೆ ಕ್ರೊಯೇಷಿಯಾ, ಸ್ಲೊವೇನಿಯಾ ಎರಡೂ ಸ್ವಾತಂತ್ರ್ಯ ಘೋಷಿಸಿದವು. ಯುದ್ಧ ಶುರುವಾಯಿತು.

ಆ ವರ್ಷದ ಡಿಸೆಂಬರ್ 8. ಟೋಕಿಯೊದಲ್ಲಿ ಎರಡು ಖಂಡಗಳ ಚಾಂಪಿಯನ್ನರು ಎದುರಾದರು, ರೆಡ್ ಸ್ಟಾರ್ ಮತ್ತು ಕೊಲೊ ಕೊಲೊ. ಯೊಜಿಚ್ ಒಂದು ಕಡೆ. ಇನ್ನೊಂದು ಕಡೆ 1987ರಲ್ಲಿ ಅವರ ತಂಡದಲ್ಲಿ ಇರದಿದ್ದ ಯುಗೊವಿಚ್ ಮತ್ತು ಮಿಹಾಯ್ಲೊವಿಚ್. ಯುಗೊವಿಚ್ ಎರಡು ಗೋಲು ಹೊಡೆದರು. ರೆಡ್ ಸ್ಟಾರ್ 3–0. ಮಿಹಾಯ್ಲೊವಿಚ್ ಹುಟ್ಟಿದ, ಕ್ರೊಯೇಷಿಯಾದ ವುಕೊವಾರ್ ಪಟ್ಟಣ ಅದಕ್ಕೆ ಮೂರು ವಾರದ ಹಿಂದಷ್ಟೇ ಯುಗೊಸ್ಲಾವ್ ಸೇನೆಯ ಕೈಗೆ ಬಿದ್ದು ನೆಲಸಮವಾಗಿತ್ತು. ಶುಕರ್ ಹುಟ್ಟಿದ ಒಸಿಯೆಕ್ ಮೇಲೆ ಶೆಲ್ ಬೀಳುತ್ತಿತ್ತು. ಜಪಾನಿನಲ್ಲಿ ಕಪ್ ಎತ್ತಿದವರಿಗೆ ಊರಿನ ಸುದ್ದಿ ಇದು.

1992ರ ಮೇ ಕೊನೆಗೆ ಯುದ್ಧದ ಕಾರಣಕ್ಕೆ ವಿಶ್ವಸಂಸ್ಥೆಯ ನಿರ್ಬಂಧ ಬಂತು. ಯುಗೊಸ್ಲಾವಿಯಾವನ್ನು ಯುರೋ ಟೂರ್ನಿಯಿಂದ ಹೊರಗಿಟ್ಟರು. ಬದಲಿಗೆ ಕರೆದ ಡೆನ್ಮಾರ್ಕ್ ಕಪ್ಪನ್ನೇ ಗೆದ್ದುಕೊಂಡು ಹೋಯಿತು. ಆ ಕಪ್ ನಿಜಕ್ಕೂ ಯುಗೊಸ್ಲಾವಿಯಾಕ್ಕೆ ಸೇರಬೇಕಿತ್ತು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಷ್ಟು ಹೊತ್ತಿಗೆ ಬೊಬಾನ್, ಶುಕರ್, ಪ್ರೊಸಿನೆಚ್ಕಿ ಯಾರೂ ಆ ತಂಡದಲ್ಲಿ ಇರಲಿಲ್ಲ. ಚಿಲಿಯ ತಂಡ ಆಗಲೇ ಮುಗಿದಿತ್ತು.

ದೊಡ್ಡ ವಿಶ್ವಕಪ್ ಗೆಲ್ಲುತ್ತಿದ್ದರು ಅನ್ನುವ ನಿಮ್ಮ ಮಾತಿಗೂ ಇದೇ ಉತ್ತರ. ಗೆಲ್ಲುವ ಶಕ್ತಿ ಇತ್ತು. ಖಚಿತವಾಗಿ ಗೆಲ್ಲುತ್ತಿದ್ದರು ಅನ್ನಲು ಆಧಾರ ಇಲ್ಲ. ಇದೇ ಹುಡುಗರಲ್ಲಿ ಹಲವರಿದ್ದ 21 ವರ್ಷದೊಳಗಿನವರ ತಂಡ 1990ರಲ್ಲಿ ಯುರೋಪಿನ ಫೈನಲ್ ತಲುಪಿ ಸೋವಿಯತ್ ಒಕ್ಕೂಟದ ಎದುರು ಎರಡೂ ಪಂದ್ಯ ಸೋತಿತ್ತು. ಒಟ್ಟು ಲೆಕ್ಕ 3–7. ಗೆದ್ದ ಆ ದೇಶವೂ ಮರುವರ್ಷದ ಕೊನೆಗೆ ಇಲ್ಲವಾಯಿತು ಅನ್ನುವುದು ಬೇರೆ ಮಾತು. ಆ ವರ್ಷಗಳೇ ಹಾಗಿದ್ದವು. ಚಿಲಿಯ ಟೂರ್ನಿಯ ಕೊನೆಯ ನಾಲ್ಕು ತಂಡಗಳಲ್ಲಿ ಇಂದು ಅದೇ ಹೆಸರಿನಲ್ಲಿ ಆಡುತ್ತಿರುವುದು ಚಿಲಿ ಒಂದೇ.

1998ರ ವಿಶ್ವಕಪ್ ಹೊತ್ತಿಗೆ ಆ ತಂಡ ಎರಡು ಪಾಲಾಗಿತ್ತು. ಕ್ರೊಯೇಷಿಯಾ ಜೆರ್ಸಿಯಲ್ಲಿ ಬೊಬಾನ್, ಶುಕರ್, ಪ್ರೊಸಿನೆಚ್ಕಿ, ಯಾರ್ನಿ, ಸ್ಟಿಮ್ಯಾಚ್. ಸರ್ಬಿಯಾ ಮತ್ತು ಮೊಂಟೆನೆಗ್ರೊ ಮಾತ್ರ ಉಳಿದಿದ್ದ ಯುಗೊಸ್ಲಾವಿಯಾದ ಜೆರ್ಸಿಯಲ್ಲಿ ಮಿಯಾತೊವಿಚ್. ಕ್ರೊಯೇಷಿಯಾದ ಕೋಚ್ ಯಾರು ಅಂದರೆ, ಡಿಪ್ಲೊಮಾ ತಿನ್ನುತ್ತೇನೆ ಅಂದಿದ್ದ ಅದೇ ಬ್ಲಾಝೆವಿಚ್! ನೆದರ್ಲೆಂಡ್ಸ್ ಎದುರು ಮಿಯಾತೊವಿಚ್ ಹೊಡೆದ ಪೆನಾಲ್ಟಿ ಗೋಲುಕಂಬದ ಅಡ್ಡಪಟ್ಟಿಗೆ ಬಡಿಯಿತು. ಯುಗೊಸ್ಲಾವಿಯಾ 1–2ರಿಂದ ಸೋತು ಹೊರಬಿತ್ತು. ಅದೇ ನೆದರ್ಲೆಂಡ್ಸನ್ನು ಮೂರನೇ ಸ್ಥಾನದ ಪಂದ್ಯದಲ್ಲಿ ಕ್ರೊಯೇಷಿಯಾ 2–1ರಿಂದ ಸೋಲಿಸಿತು. ಗೋಲು ಹೊಡೆದದ್ದು ಪ್ರೊಸಿನೆಚ್ಕಿ ಮತ್ತು ಶುಕರ್. ಆರು ಗೋಲು ಹೊಡೆದ ಶುಕರ್‌ಗೆ ಚಿನ್ನದ ಬೂಟು. 1990ರ ವಿಶ್ವಕಪ್ಪಿನಲ್ಲಿ ಪ್ರೊಸಿನೆಚ್ಕಿ ಯುಗೊಸ್ಲಾವಿಯಾಕ್ಕಾಗಿಯೂ ಗೋಲು ಹೊಡೆದಿದ್ದರು.

ಅಂದಹಾಗೆ, 1998ರ ವಿಶ್ವಕಪ್ ಶುರುವಾಗುವ ಮೂರು ವಾರ ಮೊದಲು ರಿಯಲ್ ಮ್ಯಾಡ್ರಿಡ್ ಚಾಂಪಿಯನ್ಸ್ ಲೀಗ್ ಗೆದ್ದಿತ್ತು. ಫೈನಲ್‌ನ ಒಂದೇ ಗೋಲು ಮಿಯಾತೊವಿಚ್ ಅವರದ್ದು. ಶುಕರ್ ಕೂಡ ಆಗ ಅದೇ ಕ್ಲಬ್ಬಿನಲ್ಲಿದ್ದರು. ಕ್ಲಬ್ಬಿಗಾಗಿ ಒಟ್ಟಿಗೆ ಆಡಬಹುದಿತ್ತು, ದೇಶಕ್ಕಾಗಿ ಆಡುವಂತಿರಲಿಲ್ಲ. ನನಗೆ ಬೇಜಾರಾಗುವುದು ಇದಕ್ಕೆ. ಕಿರಿಯರ ತಂಡ ಕಟ್ಟುವುದೇ ಆ ಹುಡುಗರು ಒಟ್ಟಿಗೆ ದೊಡ್ಡವರಾಗಲಿ ಅಂತ. ಇವರಿಗೆ ಅದೊಂದು ಸಿಗಲಿಲ್ಲ.

ಇನ್ನು ಕಪ್ಪಿನ ವಿಚಾರ. ಯುಗೊಸ್ಲಾವಿಯಾದ ಫುಟ್ಬಾಲ್ ದಾಖಲೆಗಳಿಗೆ ಫಿಫಾ ಸರ್ಬಿಯಾವನ್ನೇ ವಾರಸುದಾರ ಎಂದು ಒಪ್ಪಿದೆ. ಇದಕ್ಕೆ ಕಾರಣ ಇದೆ. ಬೆಲ್‌ಗ್ರೇಡಿನಲ್ಲಿದ್ದ ಸಂಘವೇ ಹೆಸರು ಬದಲಿಸುತ್ತಾ ಮುಂದುವರಿಯಿತು. ಮೊದಲು ಯುಗೊಸ್ಲಾವಿಯಾ, 2003ರಿಂದ ಸರ್ಬಿಯಾ ಮತ್ತು ಮೊಂಟೆನೆಗ್ರೊ, 2006ರಿಂದ ಸರ್ಬಿಯಾ. ಕಚೇರಿ ಲೆಕ್ಕಕ್ಕೆ, ಸದಸ್ಯತ್ವಕ್ಕೆ ಇದು ಬೇಕಾಗುತ್ತದೆ. ಆದರೆ ಅಣ್ಣತಮ್ಮಂದಿರು ಬೇರೆಯಾದಾಗ ಹಳೇ ಮನೆಯಲ್ಲಿ ಉಳಿದವನ ಹೆಸರಿಗೆ ಕಂದಾಯದ ಖಾತೆ ಆಯಿತು ಅಂತ, ಎಲ್ಲರೂ ಸೇರಿ ದುಡಿದದ್ದು ಅವನೊಬ್ಬನ ದುಡಿಮೆ ಆಗುವುದಿಲ್ಲ. ಫೈನಲ್‌ನ ಗೋಲು, ಕೊನೆಯ ಪೆನಾಲ್ಟಿ ಎರಡೂ ಬೊಬಾನ್ ಅವರದ್ದು. ಕೋಚ್ ಯೊಜಿಚ್ ಕೂಡ ಕ್ರೊಯೇಷಿಯಾದವರು. ಮಿಯಾತೊವಿಚ್, ಬ್ರ್ನೊವಿಚ್ ಮೊಂಟೆನೆಗ್ರೊದವರು. ಹಾಗಂತ ಕ್ರೊಯೇಷಿಯಾ ಈ ಕಪ್ ನಮ್ಮದು ಅಂದರೆ ಅದೂ ಅಷ್ಟೇ ತಪ್ಪು. ತಂಡದಲ್ಲಿ ಸರ್ಬಿಯಾದ ಹುಡುಗರೂ ಇದ್ದರು. ಪ್ರೊಸಿನೆಚ್ಕಿ ಅವರನ್ನಂತೂ ಯಾವ ಕಡೆಗೆ ಬರೆಯುತ್ತೀರಿ? ಅವರು ಮುಂದೆ ಬೊಸ್ನಿಯಾ ತಂಡಕ್ಕೂ ಮೊಂಟೆನೆಗ್ರೊ ತಂಡಕ್ಕೂ ಕೋಚ್ ಆದರು.

ಸರ್ಬಿಯಾಕ್ಕೆ ತನ್ನದೇ ಗೆಲುವು ಇದೆ. 2015ರಲ್ಲಿ ನ್ಯೂಜಿಲೆಂಡಿನಲ್ಲಿ ಇದೇ ಟೂರ್ನಿಯ ಫೈನಲ್‌ನಲ್ಲಿ ಬ್ರೆಜಿಲ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 2–1ರಿಂದ ಸೋಲಿಸಿತು. 118ನೇ ನಿಮಿಷದಲ್ಲಿ ನೆಮಾನ್ಯಾ ಮ್ಯಾಕ್ಸಿಮೊವಿಚ್ ಹೊಡೆದ ಗೋಲು ಅದು. ಬೇರೆಯವರ ಪಾಲು ಸೇರಿಸದೆಯೂ ಹೆಮ್ಮೆಪಡಬಹುದಾದ ಗೆಲುವು.

ನಮ್ಮ ಪತ್ರಿಕೆಯಲ್ಲಿ ಚಾಂಪಿಯನ್ನರ ಪಟ್ಟಿ ಹಾಕುವಾಗ 2015ರ ಎದುರು ಸರ್ಬಿಯಾ ಎಂದು ಬರೆಯುತ್ತೇವೆ. 1987ರ ಎದುರು ಯುಗೊಸ್ಲಾವಿಯಾ ಎಂದಷ್ಟೇ ಬರೆಯುತ್ತೇವೆ, ಆವರಣದಲ್ಲಿ ಇನ್ನೊಂದು ದೇಶದ ಹೆಸರು ಸೇರಿಸುವುದಿಲ್ಲ.

— ಸಂಪಾದಕ