ಮೊಬೈಲ್ ಹಿಡಿದರೆ ಮಗ ಓರೆಯಾಗಿ ನಡೆಯುತ್ತಾನೆ

ಕುಕ್ಕರಹಳ್ಳಿ ಕೆರೆ ಹತ್ತಿರ ವಾಕಿಂಗ್ ಹೋದಾಗ ಮಗ ಮೆಸೇಜ್ ಮಾಡುತ್ತಾ ಹಿಂದೆ ಬೀಳುತ್ತಾನೆ, ಓರೆಯಾಗಿ ಹೋಗುತ್ತಾನೆ, ಕಾಲಿನ ತೊಂದರೆಯಾ ಅಂತ ಕೇಳಿದ್ದೀರಿ. ಬರಿಗೈಯಲ್ಲಿ ಸರಿಯಾಗಿ ನಡೆದರೆ ಅದು ಮೊಬೈಲಿನದ್ದೇ ಕೆಲಸ ಮೇಡಂ.

2014ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 26 ಜನರನ್ನು ನಡೆಸಿ ನೋಡಿದ್ದರು. ಮೆಸೇಜ್ ಓದುವಾಗ ನಡಿಗೆ ನಿಧಾನವಾಯಿತು. ಟೈಪ್ ಮಾಡುವಾಗ ಇನ್ನೂ ನಿಧಾನ, ನೇರವಾಗಿ ಹೋಗುವುದೂ ತಪ್ಪಿತು. ತಲೆ ಬೇರೆ, ಎದೆ ಬೇರೆ ಅಲ್ಲಾಡದೆ ಎರಡೂ ಒಟ್ಟಿಗೇ ಆಡುತ್ತವೆ. ಅದಕ್ಕೇ ನಮ್ಮ ದಸರಾ ಬೊಂಬೆ ನಡೆದ ಹಾಗೆ ಕಾಣೋದು!

ನಾನೂ ದೇವರಾಜ ಅರಸು ರಸ್ತೆಯಲ್ಲಿ ಹೀಗೇ ಹೂವಿನ ಬುಟ್ಟಿ ತುಳಿದು ಚೆನ್ನಾಗಿ ಬೈಸಿಕೊಂಡಿದ್ದೇನೆ. ಮೆಸೇಜ್ ಬಂದರೆ ಪಕ್ಕಕ್ಕೆ ನಿಂತು ನೋಡಲಿ, ಸಾಕು. ಮೊಬೈಲ್ ಇಲ್ಲದೆಯೂ ಓರೆಯಾಗಿಯೇ ನಡೆದರೆ ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ.