ಈ ವರ್ಷ ಎಲ್ಲೂ ಹೋಗಲಿಲ್ಲ

ತಮ್ಮಾ, ನಿನ್ನ ಮೆಸೇಜ್ ಬಂದು ಮೂರು ದಿನ ಆಯ್ತು. ಕಣದಲ್ಲಿ ಕಾಫಿ ಹರವಿದೆ, ಮೋಡ ಕವಿದಾಗಲೆಲ್ಲ ಟಾರ್ಪಾಲ್ ಹಿಡ್ಕೊಂಡು ಓಡೋದೇ ಆಗಿದೆ. ಇವತ್ತು ಬಿಸಿಲು ಗಟ್ಟಿಯಾಗಿದೆ, ಜಗಲಿ ಮೇಲೆ ಕೂತು ಬರೀತಿದ್ದೀನಿ.

ಜನವರಿಯಲ್ಲಿ ಐರ್ಲೆಂಡಿನ ಡಬ್ಲಿನ್‌ಗೆ ಕೆಲಸಕ್ಕೆ ಹೊರಟಿದ್ದೀಯ. ಅಲ್ಲಿ ಬದುಕು ಹೇಗಿರುತ್ತೆ ಅಣ್ಣ, ವೀಕೆಂಡ್ ಎಲ್ಲೆಲ್ಲಿ ಸುತ್ತಬಹುದು, ಒಬ್ಬನೇ ಇದ್ರೆ ಬೇಜಾರಾಗಲ್ವಾ ಅಂತ ಕೇಳಿದ್ದೀಯ. ನಾನಲ್ಲಿ ಕಳೆದ 16 ವರ್ಷದ ಕತೆ ಹೇಳೋಕೆ ಹೋದರೆ ಅರ್ಧ ಬುರುಡೆ ಸೇರಿಕೊಳ್ಳುತ್ತೆ. ಅದಕ್ಕೇ ಈ 2025ನೇ ಇಸವಿಯದ್ದು ಮಾತ್ರ ಹೇಳ್ತೀನಿ. ಈ ವರ್ಷ ನಾನು ಎಲ್ಲೂ ಹೋಗಲಿಲ್ಲ. ಈಗ ಸೋಮವಾರಪೇಟೆಗೆ ಬಂದಿದ್ದೇ ವರ್ಷದ ಒಂದೇ ಪ್ರಯಾಣ.

ಮೊದಲೆಲ್ಲ ಹೀಗಿರಲಿಲ್ಲ. ಭಾರತದ್ದು ಹೋಗಿ ಐರಿಶ್ ಪಾಸ್‌ಪೋರ್ಟ್ ಬಂದ ಮೇಲೆ ನಮಗೆ ಹುಚ್ಚು ಹಿಡಿದಿತ್ತು. ರೋಮ್, ಪ್ರಾಗ್, ಲಿಸ್ಬನ್, ಅಗ್ಗದ ಟಿಕೆಟ್ ಎಲ್ಲಿಗೆ ಸಿಕ್ಕಿದರೆ ಅಲ್ಲಿಗೆ. ರಾತ್ರಿ ಮೂರಕ್ಕೆ ಎದ್ದು ಏರ್‌ಪೋರ್ಟ್‌ಗೆ ಓಡೋದು, ಸೋಮವಾರ ಆಫೀಸಲ್ಲಿ ತೂಕಡಿಸೋದು. ನೀನು ನೋಡಿ ಹೊಟ್ಟೆ ಉರ್ಕೊಂಡಿದ್ದೀಯಲ್ಲ, ಆ ಫೋಟೋಗಳೆಲ್ಲ ಆಗಿನವು. ನಿನಗೆ ಆ ಯೋಗ ಬೇಗ ಬರಲ್ಲ, ಈಗಲೇ ತಿಳ್ಕೊ. ಐರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿದೆ, ಆದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು ಇದೆಯಲ್ಲ, ಆ ಷೆಂಗೆನ್‌ನಲ್ಲಿಲ್ಲ. ಪ್ಯಾರಿಸ್‌ಗೆ ಹೋಗಬೇಕಂದ್ರೆ ಬೇರೆ ವೀಸಾ. ಬೆಲ್‌ಫಾಸ್ಟ್‌ಗೆ ಬಸ್ಸಲ್ಲಿ ಎರಡೂಚಿಲ್ಲರೆ ಗಂಟೆ. ಕುಶಾಲನಗರದ ಸೇತುವೆ ದಾಟಿ ಮೈಸೂರು ಜಿಲ್ಲೆಯ ಕೊಪ್ಪಕ್ಕೆ ಹೋದ ಹಾಗೆ, ಗಡಿ ದಾಟಿದ್ದೇ ಗೊತ್ತಾಗಲ್ಲ. ಆದರೆ ಅದು ಬ್ರಿಟನ್ನಿನ ನೆಲ, ಅದಕ್ಕೂ ವೀಸಾ ಬೇಕು. ರೂಮ್‌ಮೇಟ್‌ಗಳು ಕರೆದ್ರು ಅಂತ ಬಸ್ ಹತ್ತಿಬಿಡಬೇಡ.

ಈ ವರ್ಷ ಮನೆ ಹಿಡಿದು ಕೂತಿದ್ದು ಮಗಳ ಪರೀಕ್ಷೆಗಾಗಿ. ನಮ್ಮ ಎರಡನೇ ಪಿಯುಸಿ ಇದ್ದ ಹಾಗೆ ಅಲ್ಲಿ ಲೀವಿಂಗ್ ಸರ್ಟ್. 625ಕ್ಕೆ ಎಷ್ಟು ಪಾಯಿಂಟ್ ಬಂತು ಅನ್ನೋದರ ಮೇಲೆ ಕಾಲೇಜು. ಅವಳನ್ನ ಬಿಟ್ಟು ಹೋಗೋ ಹಾಗಿಲ್ಲ, ಕರ್ಕೊಂಡೂ ಹೋಗೋ ಹಾಗಿಲ್ಲ. ಮೊದಲೆರಡು ವಾರ ನನಗೆ ಕೈಕಾಲು ಕಟ್ಟಿ ಹಾಕಿದ ಹಾಗಾಗಿತ್ತು.

ಅಷ್ಟರಲ್ಲಿ ಜನವರಿ 24ರ ಬೆಳಗಿನ ಜಾವ ಎಯೋವಿನ್ ಬಿರುಗಾಳಿ ಬಂತು. ಗಾಲ್ವೇ ಕಡೆಯ ಮೇಸ್ ಹೆಡ್‌ನಲ್ಲಿ ಗಾಳಿ ಗಂಟೆಗೆ 184 ಕಿ.ಮೀ. ಮುಟ್ಟಿ 1945ರ ದಾಖಲೆ ಮುರೀತು. ದೇಶದಲ್ಲಿ 7 ಲಕ್ಷಕ್ಕೂ ಹೆಚ್ಚು ಕಡೆ ಕರೆಂಟ್ ಹೋಯ್ತು, ನಮ್ಮ ಬೀದಿಯಲ್ಲೂ ಹೋಯ್ತು. ಆಷಾಢದಲ್ಲಿ ವಾರಗಟ್ಟಲೆ ಬುಡ್ಡಿ ದೀಪದಲ್ಲಿ ಓದಿದವನಿಗೆ ಒಂದು ದಿನ ಯಾವ ಲೆಕ್ಕ? ತೊಂದರೆ ಆಗಿದ್ದು ಅಡುಗೆಗೆ. ನಮ್ಮನೇಲಿರೋದು ಗಾಜಿನ ಮೈಯ ಕರೆಂಟ್ ಒಲೆ. ಇನ್ನೊಂದು ಮಾತು, ಆ ಒಲೆ ಮೇಲೆ ಅಕ್ಕಿ ರೊಟ್ಟಿ ಬೇಯುತ್ತೆ, ಉಬ್ಬಲ್ಲ. ಚುಕ್ಕೆ ಚುಕ್ಕೆ ಸುಟ್ಕೊಂಡು ಚಪ್ಪಟೆ ಬಿದ್ದಿರುತ್ತೆ.

ಸಾಯಂಕಾಲ ಗಾಳಿ ಇಳಿದ ಮೇಲೆ ಶೆಡ್‌ನಿಂದ ಕ್ಯಾಂಪಿಂಗ್ ಸ್ಟವ್ ತಂದು ಹಿತ್ತಲಲ್ಲಿ ಹಚ್ಚಿದೆ. ನಿನ್ನ ಅತ್ತಿಗೆ ತಂಗಳನ್ನ ನಾದಿ ಅಕ್ಕಿಹಿಟ್ಟು ಕಲಸಿದಳು, ಮಗಳು ಮೊಬೈಲ್ ಟಾರ್ಚ್ ಹಿಡಿದಳು. ಕಾವಲಿಯಿಂದ ತೆಗೆದು ಉರಿ ಮೇಲೆ ಹಿಡಿದೆ ನೋಡು, ಮೊದಲು ಒಂದು ಅಂಚು ಎದ್ದಿತು, ಆಮೇಲೆ ಬುಸ್ ಅಂತ ಪೂರ್ತಿ ಉಬ್ಬಿತು. ಮಗಳು ಕಿರುಚಿದ ಸದ್ದಿಗೆ ಪಕ್ಕದ ಮನೆ ಅಜ್ಜ ಬೇಲಿ ಮೇಲಿಂದ ಇಣುಕಿದರು. ಅವರಿಗೂ ಎರಡು ಕೊಟ್ವಿ, ಬೆಣ್ಣೆ ಸವರಿಕೊಂಡು ನಿಂತಲ್ಲೇ ತಿಂದರು. ಅವರ ಹೆಂಡತಿ ತೀರಿಹೋಗಿ ಎರಡು ವರ್ಷ ಆಗಿತ್ತಂತೆ. ಗೋಡೆಗೆ ಗೋಡೆ ಅಂಟಿಕೊಂಡ ಮನೆ ಮಾರಾಯ, ನನಗೆ ಗೊತ್ತಾಗಿದ್ದು ಆವತ್ತು. ಶನಿವಾರ ಭಾನುವಾರ ನಾನು ಊರಲ್ಲಿದ್ದರೆ ತಾನೆ.

ಅಲ್ಲಿಂದ ಮುಂದೆ ಅಜ್ಜ ನಮ್ಮ ಹಿತ್ತಲಿಗೆ ಬರೋದು ರೂಢಿ ಆಯ್ತು. ಮಾರ್ಚ್ 17, ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ, ಮೊಳಕೆ ಬಂದ ಆಲೂಗಡ್ಡೆ ಒಂದು ಬುಟ್ಟಿ ತಂದು ಇವತ್ತೇ ಊರಬೇಕು ಅಂತ ಹಟ ಹಿಡಿದರು. ಅವರಲ್ಲಿ ಅದು ಹಳೇ ಪದ್ಧತಿ. ಹುತ್ತರಿಗೆ ಕದಿರು ತೆಗೆಯೋ ನಾಡಿನವನು ನಾನು, ಹಬ್ಬ ನೋಡಿ ಹೊಲಕ್ಕಿಳಿಯೋದು ನನಗೇನು ಹೊಸದಾ? ಮೂರು ಸಾಲು ಊರಿದ್ವಿ. ಜುಲೈಯಲ್ಲಿ ಕಿತ್ತಾಗ ಒಂದು ಸಾಲು ಹುಳ ತಿಂದಿತ್ತು, ಉಳಿದಿದ್ದು ಎರಡು ಮನೆಗೂ ಸಾಕಾಯ್ತು.

ಪರೀಕ್ಷೆ ಜೂನ್ 4ಕ್ಕೆ ಶುರುವಾಯ್ತು. ಲೀವಿಂಗ್ ಸರ್ಟ್ ಬಂದರೆ ಬಿಸಿಲು ಬರುತ್ತೆ ಅಂತ ಅಲ್ಲಿಯವರ ಮಾತು. ಮಕ್ಕಳು ಒಳಗೆ ಬೆವರಬೇಕು, ಉಳಿದವರು ಹೊರಗೆ ಐಸ್‌ಕ್ರೀಮ್ ತಿನ್ನಬೇಕು. ಆಗಸ್ಟ್ ಕೊನೆಗೆ ಫಲಿತಾಂಶ ಬಂತು, ಡಬ್ಲಿನ್‌ನಲ್ಲೇ ಸೀಟು ಸಿಕ್ತು, ಮನೆಯಿಂದಲೇ ಓಡಾಡ್ತಾಳೆ. ಅದರಲ್ಲಿ ಹೆಚ್ಚು ಹೇಳೋದೇನಿಲ್ಲ.

ಬೇಜಾರಿನ ವಿಷಯ ಕೇಳಿದ್ಯಲ್ಲ. ನೀನು ಇಳಿಯೋದೇ ಕೆಟ್ಟ ತಿಂಗಳಲ್ಲಿ. ಜನವರಿಯಲ್ಲಿ ಬೆಳಗ್ಗೆ ಎಂಟೂವರೆಗೆ ಬೆಳಕು, ಸಂಜೆ ನಾಲ್ಕೂವರೆಗೆ ಕತ್ತಲು. ಮನಸ್ಸು ಕುಗ್ಗುತ್ತೆ, ಅದಕ್ಕೆ ನಾಚಿಕೆ ಪಡಬೇಡ. ಮಧ್ಯಾಹ್ನ ಊಟದ ಹೊತ್ತಲ್ಲಿ ಅರ್ಧ ಗಂಟೆ ಹೊರಗೆ ನಡಿ. ಮಳೆಗೆ ಮಾತ್ರ ಹೆದರಬೇಡ. ಡಬ್ಲಿನ್‌ಗೆ ಇಡೀ ವರ್ಷಕ್ಕೆ ಬೀಳೋದು ಸುಮಾರು 750 ಮಿ.ಮೀ., ಮಡಿಕೇರಿಗೆ ಜುಲೈ ಒಂದರಲ್ಲೇ ಅದಕ್ಕಿಂತ ಜಾಸ್ತಿ ಸುರಿಯುತ್ತೆ. ಅಲ್ಲಿಯದು ಜಿಟಿಜಿಟಿ, ಗಾಳಿ ಜೊತೆ ಅಡ್ಡಡ್ಡ ಹೊಡೆಯುತ್ತೆ. ಕೊಡೆ ಉಲ್ಟಾ ಆಗುತ್ತೆ, ಟೋಪಿ ಇರೋ ಒಳ್ಳೇ ಜರ್ಕಿನ್ ತಗೋ.

ನಾನು ಈ ವರ್ಷ ಕಲಿತ ಇನ್ನೊಂದು ಅಭ್ಯಾಸ ಹೇಳ್ತೀನಿ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ಐದೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ನಾಲ್ಕೂವರೆ. ಪ್ರತಿ ಭಾನುವಾರ ನಾನು ಕಾಫಿ ಕುಡಿಯೋ ಹೊತ್ತಿಗೆ ಅವ್ವನಿಗೆ ಮಧ್ಯಾಹ್ನ. ಮೊದಲು ಐದು ನಿಮಿಷದಲ್ಲಿ ಮಾತು ಮುಗೀತಿತ್ತು: ಊಟ ಆಯ್ತಾ, ಮಳೆ ಬಂತಾ, ಸರಿ ಇಡ್ತೀನಿ. ಈ ವರ್ಷ ಫೋನ್ ಇಡೋದನ್ನೇ ಬಿಟ್ವಿ. ಅವ್ವ ಮೊಬೈಲನ್ನ ಚೊಂಬಿಗೆ ಒರಗಿಸಿ ಮೊರದಲ್ಲಿ ಮೆಣಸು ಕೇರ್ತಾಳೆ, ನಾನು ಈ ಕಡೆ ಬಟ್ಟೆ ಮಡಚ್ತೀನಿ. ಅರ್ಧ ಗಂಟೆ ಇಬ್ಬರೂ ಮಾತಾಡಲ್ಲ. ಹೆಂಚಿನ ಮೇಲೆ ಮಳೆ ಬೀಳೋ ಸದ್ದು ಕೇಳ್ತಿರುತ್ತೆ, ನಡುವೆ ಅವ್ವ ಕೋಳಿ ಓಡಿಸ್ತಾಳೆ.

ಮನೆ ಬಾಡಿಗೆ ವಿಷಯ ಬೇಗ ಹೇಳಿ ಮುಗಿಸ್ತೀನಿ. ಡೆಪಾಸಿಟ್ ಅಂತ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳೋ ಹಾಗಿಲ್ಲ, ಕಾನೂನಿದೆ. ಕಣ್ಣಾರೆ ಮನೆ ನೋಡದೆ ಒಂದು ಯೂರೋನೂ ಕಳಿಸಬೇಡ. ನಮ್ಮ ಮೊದಲನೇ ಮನೆ ಮಾಲೀಕ ಗೋಡೆ ಮೇಲೆ ಸಾಂಬಾರಿನ ವಾಸನೆ ಅಂತ ಹೇಳಿ ಇಡೀ ಡೆಪಾಸಿಟ್ ನುಂಗಿದ. ಮನೆ ಸಿಗೋವರೆಗೆ ನಮ್ಮಲ್ಲಿ ಇರು, ಮೇಲಿನ ಚಿಕ್ಕ ರೂಮ್ ಖಾಲಿ ಇದೆ.

ಲಗೇಜಲ್ಲಿ ತುಪ್ಪ, ಹಂದಿ ಉಪ್ಪಿನಕಾಯಿ ತುಂಬಬೇಡ, ಹಾಲಿಂದು ಮಾಂಸದ್ದು ಒಳಗೆ ಬಿಡಲ್ಲ. ಕಿತ್ತಳೆನೂ ಬೇಡ. ಕಾಫಿಪುಡಿ ತರಬಹುದು. ಪಕ್ಕದ ಮನೆ ಅಜ್ಜನಿಗೆ ನಮ್ಮ ತೋಟದ ಪುಡಿ ಒಂದು ಕೆಜಿ ಕೊಡ್ತೀನಿ ಅಂತ ಒಪ್ಕೊಂಡು ಬಂದಿದ್ದೀನಿ, ನನ್ನ ಸೂಟ್‌ಕೇಸ್ ಆಗಲೇ ಅವ್ವನ ಕೈಲಿ ತುಂಬಿಹೋಗಿದೆ. ಗುರುವಾರ ಸಂಜೆ ಈ ಕಡೆ ಬಾ. ನಿನ್ನ ಬ್ಯಾಗಲ್ಲಿ ಅಷ್ಟು ಜಾಗ ಇಟ್ಟಿರು.