ಮರದ ಘಮದ ಪರ್ಫ್ಯೂಮ್ ಪಕ್ಕದವರಿಗೆ ತಿಳಿಯುತ್ತದೆ, ಹಚ್ಚಿಕೊಂಡ ನನಗೇ ಏಕೆ ತಿಳಿಯುವುದಿಲ್ಲ?

ಬಾಟಲಿಯ ದೋಷವಲ್ಲ, ಮೂಗಿನ ಸ್ವಭಾವವೇ ಹಾಗೆ. ಸಿಂಪಡಿಸಿದ ಕೂಡಲೇ ಎದ್ದು ಬರುವುದು ಹೆಚ್ಚಾಗಿ ನಿಂಬೆ, ಕಿತ್ತಳೆ ಜಾತಿಯ ಹಗುರ ಅಣುಗಳು. ಅವು ಬೇಗನೆ ಹಾರಿಹೋಗುತ್ತವೆ. ಶ್ರೀಗಂಧ, ದೇವದಾರು, ಲಾವಂಚಗಳ ಅಣುಗಳು ಭಾರವಾದವು. (ಲಾವಂಚ ಮರವೇ ಅಲ್ಲ, ಹುಲ್ಲಿನ ಬೇರು. ಆದರೂ ಸುಗಂಧ ತಯಾರಕರು ಅದನ್ನು ಮರಗಳ ಸಾಲಿನಲ್ಲೇ ಕೂರಿಸುತ್ತಾರೆ.) ಮೈಬಿಸಿಗೆ ಅವು ನಿಧಾನವಾಗಿ ಆವಿಯಾಗುತ್ತ ಗಂಟೆಗಟ್ಟಲೆ ಚರ್ಮದ ಮೇಲೆ ಉಳಿಯುತ್ತವೆ. ಹೀಗೆ ಏರಿಳಿತವಿಲ್ಲದೆ ಬರುವ ವಾಸನೆಯನ್ನು ಮೂಗು, ಮೆದುಳು ಎರಡೂ ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತವೆ. ಹೊಸದಾಗಿ ಹತ್ತಿರ ಬಂದವರಿಗೆ ಆ ಘಮ ಇನ್ನೂ ಸುದ್ದಿ. ನಿಮಗೆ ಅದು ಹಳೆಯದು.

ಇನ್ನೊಂದು ಕಾರಣವೂ ಇದೆ. ಇಂದಿನ ಅನೇಕ ಮರದ ಸುಗಂಧಗಳಲ್ಲಿ ಐಸೊ ಇ ಸೂಪರ್ ಎಂಬ ಕೃತಕ ಅಣು ಇರುತ್ತದೆ. 2006ರಲ್ಲಿ ಬಂದ ಮಾಲಿಕ್ಯೂಲ್ 01 ಎಂಬ ಪರ್ಫ್ಯೂಮಿನಲ್ಲಿರುವ ಏಕೈಕ ಸುಗಂಧ ವಸ್ತು ಇದೇ. ಇದರ ಚಾಳಿ ವಿಚಿತ್ರ: ಮೂಗಿಗೆ ಸಿಕ್ಕಿದಂತಾಗಿ ಮಾಯವಾಗುತ್ತದೆ, ಮತ್ತೆ ಯಾವಾಗಲೋ ಸುಳಿಯುತ್ತದೆ. ಕೆಲವರಿಗಂತೂ ಗೊತ್ತೇ ಆಗುವುದಿಲ್ಲ. ನನಗೆ ಈ ಕಣ್ಣುಮುಚ್ಚಾಲೆಯೇ ಇಷ್ಟ.

ಆದ್ದರಿಂದ ವಾಸನೆ ಹೋಯಿತೆಂದು ಮತ್ತೆ ಮತ್ತೆ ಸಿಂಪಡಿಸಬೇಡಿ. ಲಿಫ್ಟಿನಲ್ಲಿ ಜೊತೆಗಿರುವವರು ಪಾಪ. ಕತ್ತಿನ ಬದಲು ಮೂಗಿನಿಂದ ದೂರವಿರುವ ಮಣಿಕಟ್ಟಿಗೆ ಹಚ್ಚಿ, ಸ್ವಲ್ಪ ಹೊತ್ತು ಹೊರಗಿನ ಗಾಳಿಯಲ್ಲಿ ಓಡಾಡಿ ಬಂದು ಮೂಸಿ ನೋಡಿ. ಬಹುಪಾಲು ಅಲ್ಲೇ ಇರುತ್ತದೆ.